ಮನೆ ಅದುರುತ್ತಿದೆಯೇ? ಅಳತೆ ಕೇಳಿರಿ



ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿ ಎಲ್ಲಾ ಮುಗಿದ ಮೇಲೆ ಮನೆ ಕಡೆಯ ಮಾತು ಬರುತ್ತದೆ. ಮಧ್ಯಾಹ್ನ ಕ್ವಾರಿಯಲ್ಲಿ ಮದ್ದು ಹಾರಿಸಿದರೆ ಮಾಡದಲ್ಲಿಟ್ಟ ಲೋಟಗಳು ಗಣಗಣ ಅಂತಾವೆ, ಗೋಡೆ ಬಿರುಕು ಬಿಟ್ಟಿದೆ, ಯಾರಿಗೆ ಹೇಳೋದ್ರೀ ಎಂಬ ಮಾತು ಕುಳಗೇರಿ ಕ್ರಾಸ್ ಸುತ್ತಿನ ಹಳ್ಳಿಗಳಿಗೂ ಹೊಸದಲ್ಲ, ಹುನಗುಂದ, ಇಳಕಲ್ ಕಡೆಗೂ ಹೊಸದಲ್ಲ. ಇನ್ನು ಕೆಲವರಿಗೆ ಕ್ವಾರಿ ದೂರ, ಆದರೆ ಪಕ್ಕದ ಮನೆಯ ಹಿಟ್ಟಿನ ಗಿರಣಿ ಹತ್ತಿರ. ಗಿರಣಿ ಶುರುವಾದರೆ ಮಲಗಿದ ಕೂಸು ಎದ್ದು ಕೂಡುತ್ತದೆ.

ಇದು ಬರೀ ಕಿರಿಕಿರಿಯ ವಿಷಯವಲ್ಲ. ನಮ್ಮ ಸದಸ್ಯರಲ್ಲಿ ಬಹಳ ಜನರಿಗೆ ಮನೆಯೊಂದೇ ಆಸ್ತಿ. ಗೋಡೆ ರಿಪೇರಿಗೆಂದು ಸಂಘದಿಂದ ಸಾಲ ತೆಗೆದು, ಆ ಸಾಲ ತೀರುವ ಮೊದಲೇ ಮತ್ತೆ ಅದೇ ಜಾಗದಲ್ಲಿ ಬಿರುಕು ಬಂದರೆ ಆ ಹೆಣ್ಣುಮಗಳು ಏನು ಮಾಡಬೇಕು? ಆದ್ದರಿಂದ ನೆಲದ ಕಂಪನದ ಬಗ್ಗೆ ಕಾನೂನು ಏನು ಹೇಳುತ್ತದೆ, ಯಾವುದನ್ನು ಯಾರ ಹತ್ತಿರ ಕೇಳಬೇಕು ಎಂಬುದನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಕಂಪನಕ್ಕೆ ಅಳತೆ ಇದೆ

ಹಾಲಿಗೆ ಲೀಟರ್, ಬಟ್ಟೆಗೆ ಮೀಟರ್ ಇದ್ದ ಹಾಗೆ ನೆಲದ ಕಂಪನಕ್ಕೂ ಅಳತೆ ಇದೆ. ಜೋಳ ಸಾಣಿಸುವಾಗ ಜರಡಿಯೊಳಗಿನ ಕಾಳು ಆಚೆ ಈಚೆ ಓಡುವುದನ್ನು ನೋಡಿದ್ದೀರಿ. ಸ್ಫೋಟ ಆದಾಗ ನೆಲದ ಒಂದೊಂದು ಕಣವೂ ಹಾಗೆಯೇ ಇದ್ದ ಜಾಗದಲ್ಲೇ ಆಚೆ ಈಚೆ ಸರಿದಾಡುತ್ತದೆ. ಅದು ಎಷ್ಟು ವೇಗವಾಗಿ ಸರಿಯಿತು ಎಂಬುದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಅಳೆಯುವ ಯಂತ್ರಕ್ಕೆ ಸೈಸ್ಮೋಗ್ರಾಫ್ ಎನ್ನುತ್ತಾರೆ. ಒಬ್ಬರು ಕೈಯಲ್ಲಿ ಹಿಡಿದು ತರುವಷ್ಟು ಸಣ್ಣದು.

ಗಣಿ ಮತ್ತು ಕ್ವಾರಿಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ 7ನೇ ತಾಂತ್ರಿಕ ಸುತ್ತೋಲೆಯಲ್ಲಿ ಇದಕ್ಕೆ ಮಿತಿ ಹಾಕಿದೆ. ಕ್ವಾರಿ ಮಾಲೀಕನಿಗೆ ಸೇರದ ವಾಸದ ಮನೆಗಳಿಗೆ, ಕಚ್ಚಾ ಮನೆ ಇರಲಿ ಇಟ್ಟಿಗೆ ಸಿಮೆಂಟಿನದಿರಲಿ, ಮಿತಿ ಸೆಕೆಂಡಿಗೆ 5 ಮಿಲಿಮೀಟರ್. ಇದು ನಿಧಾನವಾದ ಕಂಪನಕ್ಕೆ, ಅಂದರೆ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ಅಲ್ಲಾಡುವ ಕಂಪನಕ್ಕೆ. 8ರಿಂದ 25 ಸಲ ಅಲ್ಲಾಡಿದರೆ 10 ಮಿಲಿಮೀಟರ್, 25ಕ್ಕಿಂತ ಹೆಚ್ಚಾದರೆ 15 ಮಿಲಿಮೀಟರ್ ತನಕ ಬಿಡುತ್ತಾರೆ.

ನಿಧಾನದ ಕಂಪನಕ್ಕೆ ಯಾಕೆ ಬಿಗಿ ನಿಯಮ? ಪಂಚಮಿ ಹಬ್ಬದ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿಯ ಲಯ ನೋಡಿ ತುಸು ತಳ್ಳಿದರೂ ಅದು ಮೇಲೆ ಮೇಲೆ ಏರುತ್ತದೆ. ಲಯ ತಪ್ಪಿ ಪಟಪಟ ತಳ್ಳಿದರೆ ಏರುವುದಿಲ್ಲ. ಮನೆಗೂ ತನ್ನದೇ ಒಂದು ಲಯ ಇದೆ. ನಿಧಾನದ ಕಂಪನ ಆ ಲಯಕ್ಕೆ ಹತ್ತಿರ ಬರುವುದರಿಂದ ಗೋಡೆಗೆ ಹೆಚ್ಚು ಪೆಟ್ಟು.

ಇನ್ನೊಂದು ಮಾತು. ಇದೇ ಸುತ್ತೋಲೆಯಲ್ಲಿ ಐತಿಹಾಸಿಕ ಕಟ್ಟಡಗಳಿಗೆ ಇನ್ನೂ ಬಿಗಿಯಾದ ಮಿತಿ ಇದೆ: 2, 5 ಮತ್ತು 10 ಮಿಲಿಮೀಟರ್. ಬಾದಾಮಿಯ ಗುಹೆ, ಐಹೊಳೆಯ ಗುಡಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಇಂಥ ಸ್ಮಾರಕಗಳು. ಇವುಗಳ ರಕ್ಷಣೆಗೆ ಪುರಾತತ್ವ ಕಾನೂನು ಬೇರೆ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇದು ಸರಿಯೇ. ಆದರೆ ಕಲ್ಲು ಮಣ್ಣು ಸೇರಿಸಿ ಕಟ್ಟಿದ ಮುದುಕಿಯ ಮಾಳಿಗೆ ಮನೆಯನ್ನೂ, ಇಟ್ಟಿಗೆ ಸಿಮೆಂಟಿನಿಂದ ಕಟ್ಟಿದ ಮನೆಯನ್ನೂ ಒಂದೇ ಸಾಲಿನಲ್ಲಿ ಹಾಕಿದ್ದು ನಮಗೆ ಸರಿ ಕಾಣುವುದಿಲ್ಲ. ಜರ್ಮನಿಯಲ್ಲಿ ವಾಸದ ಮನೆಗೆ ನಿಧಾನದ ಕಂಪನದಲ್ಲಿ 5 ಮಿಲಿಮೀಟರ್, ಹೆಚ್ಚು ಸೂಕ್ಷ್ಮವಾದ ಕಟ್ಟಡಕ್ಕೆ 3 ಎಂದು ಬೇರೆ ಮಾಡಿದ್ದಾರೆ. ನಮ್ಮ ಮಣ್ಣಿನ ಮನೆಗಳಿಗೂ ಅಂಥದ್ದೊಂದು ಸಾಲು ಬೇಕು.

ಮುಖ್ಯವಾಗಿ ನೆನಪಿಡಬೇಕಾದದ್ದು: ಈ ಅಳತೆಯನ್ನು ಕ್ವಾರಿಯಲ್ಲಿ ನಿಂತು ತೆಗೆಯುವುದಲ್ಲ. ನಿಮ್ಮ ಮನೆಯ ಪಾಯದ ಹತ್ತಿರ ತೆಗೆಯಬೇಕು. ಸುತ್ತೋಲೆಯಲ್ಲಿ ಇರುವುದೇ ಹಾಗೆ.

ಲೋಟ ಗಣಗಣ ಅಂದರೆ ಮನೆ ಬಿದ್ದೀತೇ?

ಇಲ್ಲಿ ತುಸು ನಿಷ್ಠುರವಾಗಿ ಮಾತಾಡಬೇಕು. ಮನುಷ್ಯನ ಮೈಗೆ ಬಹಳ ಸಣ್ಣ ಕಂಪನವೂ ಗೊತ್ತಾಗುತ್ತದೆ. ಸೆಕೆಂಡಿಗೆ ಅರ್ಧ ಮಿಲಿಮೀಟರ್ ಇದ್ದರೂ ಕೂತ ಜಾಗದಲ್ಲಿ ತಿಳಿಯುತ್ತದೆ. ಅದು ಮಿತಿಯ ಹತ್ತನೇ ಒಂದು ಪಾಲು. ಪಾತ್ರೆ, ಕಿಟಕಿ ಗಾಜು ಸದ್ದು ಮಾಡುವುದು ಎಷ್ಟೋ ಸಲ ನೆಲದಿಂದಲ್ಲ, ಸ್ಫೋಟದ ಗಾಳಿಯ ಒತ್ತಡದಿಂದ. ಆದ್ದರಿಂದ ಅದುರಿದ್ದು ನಿಜವಾದರೂ ಅದೇ ಗೋಡೆ ಸೀಳಿತು ಎಂದು ಹೇಳಲಾಗದು.

ಅದೂ ಅಲ್ಲದೆ ನಮ್ಮ ಸೀಮೆಯ ಎರೆ ಭೂಮಿಯ ಗುಣ ನಿಮಗೇ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪಾಯ ಆಳ ಇಲ್ಲದ ಮನೆಯಾದರೆ ಯಾವ ಕ್ವಾರಿ ಇಲ್ಲದಿದ್ದರೂ ಗೋಡೆ ಬಿರುಕು ಬಿಡುತ್ತದೆ. ಕ್ವಾರಿಯವರು ಮೊದಲು ಹೇಳುವ ಮಾತೇ ಇದು: “ನಿಮ್ಮದು ಎರೆ ಹೊಲ ಅಮ್ಮಾ, ನಾವೇನು ಮಾಡೋಣ?” ಈ ಮಾತಿಗೆ ಉತ್ತರ ಕೊಡಬೇಕಾದರೆ ಜಗಳ ಸಾಲದು, ದಾಖಲೆ ಬೇಕು.

ದಾಖಲೆ ಮಾಡುವುದು ಕಷ್ಟವಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸಂಘದ ನೋಟ್‌ಬುಕ್ಕಿನ ಹಾಗೆ ಒಂದು ವಹಿ ಮಾಡಿ, ಸ್ಫೋಟ ಆದ ದಿನ, ಗಂಟೆ, ಎಷ್ಟು ಸಲ ಎಂದು ಬರೆಯುತ್ತಾ ಹೋಗಿ. ಒಬ್ಬರಲ್ಲ, ಓಣಿಯ ಐದಾರು ಮನೆಯವರು ಬೇರೆ ಬೇರೆ ಬರೆದರೆ ಇನ್ನೂ ಒಳ್ಳೆಯದು. ಹೊಸ ಕ್ವಾರಿ ಬರುತ್ತದೆ ಎಂಬ ಸುದ್ದಿ ಕೇಳಿದ ಕೂಡಲೇ, ಅದು ಶುರುವಾಗುವ ಮೊದಲೇ, ಗೋಡೆಗಳ ಫೋಟೋ ತೆಗೆದಿಟ್ಟವರ ಮಾತಿಗೆ ಎಲ್ಲರಿಗಿಂತ ಹೆಚ್ಚು ತೂಕ. ಬಿರುಕು ಬರೀ ಬೇಸಿಗೆಯಲ್ಲಿ ಬೆಳೆದು ಮಳೆಗಾಲದಲ್ಲಿ ಕೂಡಿದರೆ ಮಣ್ಣಿನ ಕಾರಣ ಇರಬಹುದು. ವರ್ಷಪೂರ್ತಿ, ಸ್ಫೋಟ ಹೆಚ್ಚಾದ ವಾರದಲ್ಲೇ ಬೆಳೆಯುತ್ತಿದ್ದರೆ ಕೇಳುವ ಹಕ್ಕು ನಿಮ್ಮದು.

ಕಡಿಮೆ ಮಾಡಲು ಬರುತ್ತದೆ

ಕಂಪನ ಎಷ್ಟು ಎಂಬುದು ಎರಡರ ಮೇಲೆ ನಿಂತಿದೆ: ಮನೆ ಎಷ್ಟು ದೂರ, ಒಂದೇ ಕ್ಷಣದಲ್ಲಿ ಎಷ್ಟು ಮದ್ದು ಸಿಡಿಯಿತು. ದೂರ ಎರಡು ಪಟ್ಟಾದರೆ ಕಂಪನ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಮನೆಯನ್ನಂತೂ ಸರಿಸಲಾಗದು. ಆದರೆ ಹತ್ತು ಕುಳಿಗೂ ಒಟ್ಟಿಗೇ ಬೆಂಕಿ ಕೊಡುವ ಬದಲು, ಒಂದಾದ ಮೇಲೊಂದು ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಬೇಗ ಸಿಡಿಯುವಂಥ ಡಿಲೇ ಡೆಟೊನೇಟರ್ ಬಳಸಬಹುದು. ಮದ್ದು ಅಷ್ಟೇ, ಕಲ್ಲೂ ಅಷ್ಟೇ, ನೆಲಕ್ಕೆ ಬೀಳುವ ಪೆಟ್ಟು ಮಾತ್ರ ಹಂಚಿಹೋಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಬಂಡೆ ಸೀಳಿದರೆ ಬೆಲೆಯೇ ಹೋಗುವುದರಿಂದ ವಜ್ರದ ಹರಳಿನ ತಂತಿಯಿಂದ ಕಲ್ಲು ಕೊಯ್ಯುತ್ತಾರೆ. ಖಡಿ ಮಷಿನ್‌ಗೆ ಕಲ್ಲು ಒಡೆಯುವ ಕಡೆಗೆ ಆ ಹೆದರಿಕೆ ಇಲ್ಲ, ಪುಡಿಯಾದಷ್ಟೂ ಲಾಭ. ಜೋರಾಗಿ ಸಿಡಿಸುವುದು ಅಲ್ಲೇ.

ಖಡಿ ಮಷಿನ್‌ಗಳಿಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆ ಇದೆ, 2011ರ ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣ ಕಾಯ್ದೆ. ಊರಿನಿಂದ, ರಸ್ತೆಯಿಂದ ದೂರ ಬಿಟ್ಟು ಗುರುತಿಸಿದ ಸುರಕ್ಷಿತ ವಲಯದಲ್ಲಿ ಮಾತ್ರ ಅವು ಇರಬೇಕು. ಲೈಸೆನ್ಸ್ ಕೊಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಕ್ವಾರಿ ವಿಷಯದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿಗೆ ಕೊಟ್ಟ ಸಲಹೆ ಹೀಗಿತ್ತು: ಮದ್ದು ಸಿಡಿಸುವುದಾದರೆ ಮನೆಗಳಿಂದ ಕನಿಷ್ಠ 200 ಮೀಟರ್, ಸಿಡಿಸದಿದ್ದರೆ 100 ಮೀಟರ್.

ಅಳತೆಯ ಬಲ ಎಷ್ಟೆಂದು ತಿಳಿಯಲು ಮಂಡ್ಯ ಜಿಲ್ಲೆಯ ಸುದ್ದಿ ನೋಡಿ. ಪಾಂಡವಪುರದ ಬೇಬಿ ಬೆಟ್ಟದಲ್ಲಿ ಕಲ್ಲು ಗಣಿಗಾರಿಕೆಯಿಂದ ಕೆ.ಆರ್.ಎಸ್. ಅಣೆಕಟ್ಟಿಗೆ ಅಪಾಯ ಎಂದು ರೈತರು ವರ್ಷಗಟ್ಟಲೆ ಹೇಳಿದರು. 2018ರ ಸೆಪ್ಟೆಂಬರಿನಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರದಲ್ಲಿ ಆ ಕಂಪನ ದಾಖಲಾದ ಮೇಲೆ ಮಾತಿನ ಧಾಟಿಯೇ ಬದಲಾಯಿತು. 2024ರ ಜನವರಿಯಲ್ಲಿ ಹೈಕೋರ್ಟು, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಅಣೆಕಟ್ಟಿನ ಸುತ್ತ 20 ಕಿಲೋಮೀಟರಿನಲ್ಲಿ ಗಣಿಗಾರಿಕೆ ಬೇಡ ಎಂದು ಆದೇಶಿಸಿತು. ಅಣೆಕಟ್ಟಿನ ಹತ್ತಿರ ಯಂತ್ರ ಇತ್ತು. ನಮ್ಮ ಗೋಡೆಯ ಹತ್ತಿರ ಇಲ್ಲ, ಅಷ್ಟೇ ವ್ಯತ್ಯಾಸ.

ಗಿರಣಿ ನಮ್ಮದೇ ಆಗಿದ್ದರೆ?

ಕ್ವಾರಿ ಬಿಟ್ಟು ಊರೊಳಗೆ ಬರೋಣ. ಹಿಟ್ಟಿನ ಗಿರಣಿ, ಖಾರ ಕುಟ್ಟುವ ಮಷಿನ್, ವಿದ್ಯುತ್ ಮಗ್ಗ ಇವುಗಳನ್ನು ಸಂಘದ ಸಾಲದಿಂದಲೇ ಹಾಕಿಕೊಂಡ ಸದಸ್ಯರಿದ್ದಾರೆ. ಶಬ್ದಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಲೆಕ್ಕ ಇದೆ: ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಇಂಥ ಮಷಿನ್‌ಗಳ ಕಂಪನಕ್ಕೆ ನಮ್ಮ ಪಂಚಾಯ್ತಿ ಕಾನೂನಿನಲ್ಲಿ ಇಷ್ಟು ಮಿಲಿಮೀಟರ್ ಎಂಬ ಮಿತಿ ಇಲ್ಲ. ಅಮೆರಿಕದ ಅನೇಕ ಊರುಗಳ ಸ್ಥಳೀಯ ನಿಯಮದಲ್ಲಿ ಸರಳವಾದ ಒಂದು ಮಾತಿದೆ: ನಿನ್ನ ಮಷಿನ್‌ನ ಕಂಪನ ನಿನ್ನ ಜಾಗದ ಗಡಿಯಾಚೆ ಯಂತ್ರ ಇಲ್ಲದೆ ಬರೀ ಮೈಗೆ ತಿಳಿಯಬಾರದು. ಹಳ್ಳಿಗೆ ಒಪ್ಪುವ ನಿಯಮ ಇದೇ ಎಂದು ನಮ್ಮ ಅಭಿಪ್ರಾಯ.

ಇದನ್ನು ಪಂಚಾಯ್ತಿಯಲ್ಲಿ ಕೇಳಲು ದಾರಿ ಇದೆ. 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 66ನೇ ಪ್ರಕರಣದಂತೆ ವಿದ್ಯುತ್ತಿನಿಂದ ಅಥವಾ ಬೇರೆ ಶಕ್ತಿಯಿಂದ ನಡೆಯುವ ಯಂತ್ರ ಕೂಡಿಸಲು ಗ್ರಾಮ ಪಂಚಾಯ್ತಿಯ ಅನುಮತಿ ಬೇಕು. ಪಂಚಾಯ್ತಿ ಷರತ್ತು ಹಾಕಿ ಅನುಮತಿ ಕೊಡಬಹುದು. ಜನವಸತಿಗೆ ತೊಂದರೆ ಎಂದು ಕಂಡರೆ ನಿರಾಕರಿಸಲೂಬಹುದು. ಆ ಷರತ್ತಿನಲ್ಲಿ ಕಂಪನದ ಮಾತು ಸೇರಿಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿರಿ.

ಗಿರಣಿ ಇಟ್ಟ ಸಹೋದರಿಯರು ಮಾಡಬೇಕಾದದ್ದು ಹೆಚ್ಚಿಲ್ಲ. ಎರಡು ಮನೆಗೆ ಒಂದೇ ಗೋಡೆ ಇದ್ದರೆ ಮೋಟರನ್ನಾಗಲಿ ಶಾಫ್ಟನ್ನಾಗಲಿ ಆ ಗೋಡೆಗೆ ಬಿಗಿಯಬೇಡಿ. ಮಷಿನ್‌ಗೆ ಬೇರೆಯೇ ಕಾಂಕ್ರೀಟ್ ಕಟ್ಟೆ ಹಾಕಿ, ಅದು ಮನೆಯ ಪಾಯಕ್ಕೆ ತಾಗದಿರಲಿ, ಕೆಳಗೆ ದಪ್ಪ ರಬ್ಬರ್ ಇಡಿ. ಸಡಿಲವಾದ ಬೋಲ್ಟ್, ಸೊಟ್ಟಗೆ ಓಡುವ ಪಟ್ಟಾ, ಒಂದು ಕಡೆ ಸವೆದ ಬೀಸುಕಲ್ಲು ಇವೇ ಅರ್ಧ ಕಂಪನಕ್ಕೆ ಕಾರಣ. ರಾತ್ರಿ ನಿಲ್ಲಿಸಿ.

ಯಾರ ಹತ್ತಿರ ಹೋಗಬೇಕು?

ಕ್ವಾರಿ ವಿಷಯ ಆದರೆ ಬಾಗಲಕೋಟೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅರ್ಜಿ, ನಕಲು ಜಿಲ್ಲಾಧಿಕಾರಿಗಳಿಗೆ. ಗಣಿ ಸುರಕ್ಷತಾ ನಿರ್ದೇಶನಾಲಯದ ಕಚೇರಿ ಬಳ್ಳಾರಿಯಲ್ಲಿದೆ, ಅಲ್ಲಿಗೂ ಅಂಚೆಯಲ್ಲಿ ಕಳಿಸಬಹುದು. ಸಾರ್ವಜನಿಕರಿಗೆ ತೊಂದರೆ ಎಂದು ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಡಲೂ ಬರುತ್ತದೆ. ಮೊದಲು ಇದು ಸಿ.ಆರ್.ಪಿ.ಸಿ. 133ನೇ ಕಲಂ, 2024ರ ಜುಲೈ 1ರಿಂದ ಹೊಸ ಕಾನೂನಿನ 152ನೇ ಕಲಂ. ಜಿಲೆಟಿನ್ ಕಡ್ಡಿ, ಡೆಟೊನೇಟರ್ ಯಾರದೋ ಮನೆಯಲ್ಲಿ, ತೋಟದಲ್ಲಿ ಇಟ್ಟಿದ್ದು ಕಂಡರೆ ಮಾತ್ರ ಅರ್ಜಿ ಬರೆಯುತ್ತಾ ಕೂಡಬೇಡಿ, 112ಕ್ಕೆ ಫೋನ್ ಮಾಡಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದದ್ದು ಪಕ್ಕದ ಜಿಲ್ಲೆಗಳ ಜನರಿಗೂ ಭೂಕಂಪದಂತೆ ತಿಳಿಯಿತು, ಜೀವಗಳು ಹೋದವು.

ಅರ್ಜಿಯಲ್ಲಿ ಕ್ವಾರಿ ಮುಚ್ಚಿಸಿ ಎಂದಷ್ಟೇ ಬರೆದರೆ ಕಡತ ಅಲ್ಲೇ ಮಲಗುತ್ತದೆ. ಅದೇ ಕ್ವಾರಿಯಲ್ಲಿ ದುಡಿಯುವವರು ನಮ್ಮ ಓಣಿಯಲ್ಲೂ ಇದ್ದಾರೆ, ಅವರ ಹೊಟ್ಟೆಪಾಡೂ ಇದೆ. ಹೀಗೆ ಬರೆಯಿರಿ: ಮುಂದಿನ ಸ್ಫೋಟದ ದಿನ ನಮ್ಮ ಮನೆಯ ಪಾಯದ ಹತ್ತಿರ, ನಮ್ಮ ಸಮಕ್ಷಮ ಕಂಪನ ಅಳೆಯಬೇಕು, ವರದಿಯ ಪ್ರತಿ ನಮಗೂ ಪಂಚಾಯ್ತಿಗೂ ಕೊಡಬೇಕು. ಅಳೆಯುವ ಪರಿಣತರು ಸುರತ್ಕಲ್‌ನ ಎನ್.ಐ.ಟಿ.ಕೆ. ಕಾಲೇಜಿನ ಗಣಿ ವಿಭಾಗದಲ್ಲಿ, ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯಲ್ಲಿ ಇದ್ದಾರೆ. ಹಿಂದೆ ಅಳೆದಿದ್ದೇವೆ ಎಂದು ಇಲಾಖೆ ಹೇಳಿದರೆ ಆ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ, 30 ದಿನದಲ್ಲಿ ಉತ್ತರ ಬರಬೇಕು. ಐದಾರು ಮನೆಯವರ ಸಹಿ, ವಹಿಯ ಹಾಳೆಗಳ ಜೆರಾಕ್ಸ್, ಫೋಟೋ ಲಗತ್ತಿಸಿ. ಒಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡು ಸಂಘದ ಕಡತದಲ್ಲಿ ಇಡಿ.