ಹೆರಿಗೆಯ ನಂತರದ ಮೂತ್ರಸೋರಿಕೆ: ಮುಚ್ಚಿಡುವ ತೊಂದರೆಯಲ್ಲ

ಕೆಮ್ಮಿದಾಗ, ಸೀನಿದಾಗ, ಮಗುವನ್ನು ಎತ್ತಿಕೊಂಡಾಗ ತಡೆಯಲಾಗದೆ ಮೂತ್ರ ಸೋರುವುದು ಹೆರಿಗೆಯಾದ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಕಾಡುವ ತೊಂದರೆ. ಆದರೂ ಅನೇಕರು ಇದನ್ನು ವೈದ್ಯರ ಮುಂದೆ ಹೇಳಲು ಸಂಕೋಚಪಡುತ್ತಾರೆ. ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಹಿರಿಯರ ಸಮಾಧಾನದೊಂದಿಗೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಇದು ಸಾಮಾನ್ಯವೆಂಬುದು ನಿಜ. ಸಹಿಸಿಕೊಂಡೇ ಇರಬೇಕೆಂಬುದು ನಿಜವಲ್ಲ.

ವೈದ್ಯರು ಪೆಲ್ವಿಕ್ ಫ್ಲೋರ್ ಎಂದು ಕರೆಯುವ ಶ್ರೋಣಿ ತಳದ ಸ್ನಾಯುಗಳು ಮುಂಭಾಗದ ಮೂಳೆಯಿಂದ ಬೆನ್ನಿನ ತುದಿಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ ಹಾಗೂ ಗುದನಾಳಗಳಿಗೆ ಆಸರೆಯಾಗಿರುತ್ತವೆ. ಗರ್ಭದ ಭಾರಕ್ಕೆ ಇವು ಸಡಿಲಗೊಳ್ಳುತ್ತವೆ. ಹೆರಿಗೆಯಲ್ಲಿ ಅತಿಯಾಗಿ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುವುದೂ ಉಂಟು. ಮಗುವಿನ ತೂಕ ಹೆಚ್ಚಿದ್ದರೆ ಅಥವಾ ಫೋರ್ಸೆಪ್ಸ್ ಬಳಸಿದ್ದರೆ ಹಾನಿಯ ಸಂಭವ ಅಧಿಕ. ಸಿಸೇರಿಯನ್ ಆದವರೂ ಸಂಪೂರ್ಣ ಸುರಕ್ಷಿತರಲ್ಲ, ಏಕೆಂದರೆ ಗರ್ಭದ ಭಾರವನ್ನು ಅವರೂ ಹೊತ್ತಿರುತ್ತಾರೆ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ಸ್ನಾಯುಗಳ ವ್ಯಾಯಾಮದ ಕುರಿತು ಪ್ರಬಂಧ ಪ್ರಕಟಿಸಿದರು. ಇಂದಿಗೂ ಮೊದಲ ಚಿಕಿತ್ಸೆ ಅದೇ. ಮೂತ್ರವನ್ನೂ ವಾಯುವನ್ನೂ ಏಕಕಾಲಕ್ಕೆ ತಡೆಹಿಡಿಯುವಂತೆ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಬೇಕು. ಕೆಲವು ಸೆಕೆಂಡು ಹಿಡಿದಿಟ್ಟು ಪೂರ್ತಿ ಸಡಿಲಿಸಬೇಕು. ಹೀಗೆ ಒಮ್ಮೆಗೆ ಕನಿಷ್ಠ 8 ಸಲ, ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಮಾಡಬೇಕು. ಹಾಲೂಡಿಸುತ್ತ ಕುಳಿತಾಗಲೂ ಮಾಡಬಹುದು, ಪಕ್ಕದಲ್ಲಿರುವವರಿಗೂ ತಿಳಿಯದು! ಉಸಿರು ಬಿಗಿಹಿಡಿಯುವುದು, ಪೃಷ್ಠವನ್ನು ಬಿಗಿಯುವುದು, ಕೆಳಕ್ಕೆ ಮುಕ್ಕುವುದು ಸಾಮಾನ್ಯ ತಪ್ಪುಗಳು. ಮೂತ್ರ ವಿಸರ್ಜಿಸುವಾಗ ನಡುವೆ ತಡೆದು ಅಭ್ಯಾಸ ಮಾಡುವುದೂ ಸಲ್ಲದು. ಹೊಲಿಗೆ ಬಿದ್ದಿದ್ದರೆ ಯಾವಾಗ ಆರಂಭಿಸಬೇಕೆಂದು ವೈದ್ಯರನ್ನೇ ಕೇಳುವುದು ಒಳಿತು.

ನಮ್ಮ ಬಾಣಂತನದ ಪದ್ಧತಿಯಲ್ಲಿ ವಿಶ್ರಾಂತಿ, ಆರೈಕೆಗಳಿಗೆ ದೊರೆಯುವ ಮಹತ್ವ ಮೆಚ್ಚತಕ್ಕದ್ದೇ. ಆದರೆ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುವುದರಿಂದ ಈ ಸ್ನಾಯುಗಳಿಗೆ ಬಲ ಬರುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಕೆಲವು ಮನೆಗಳ ಕಟ್ಟುಪಾಡಂತೂ ಹಾನಿಕರ. ನೀರು ಸಾಲದೆ ಮಲಬದ್ಧತೆಯಾಗುತ್ತದೆ. ಮುಕ್ಕಿದಷ್ಟೂ ಮೊದಲೇ ಸೋತ ಸ್ನಾಯುಗಳ ಮೇಲೆ ಒತ್ತಡ ಬೀಳುತ್ತದೆ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು.

3 ತಿಂಗಳ ವ್ಯಾಯಾಮದ ನಂತರವೂ ಸೋರಿಕೆ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರನ್ನು ಅಥವಾ ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ರನ್ನು ಕಾಣಬೇಕು. ಯೋನಿಯಲ್ಲಿ ಏನೋ ಜಾರಿ ಬಂದಂತೆ ಭಾಸವಾದರೆ ಅಥವಾ ಮಲದ ಮೇಲೂ ಹಿಡಿತ ತಪ್ಪಿದರೆ ಅಷ್ಟು ದಿನ ಕಾಯುವಂತಿಲ್ಲ, ಕೂಡಲೇ ವೈದ್ಯರ ಬಳಿ ಹೋಗಬೇಕು.