ತಾಯಿಯ ಬಿಪಿ, ಹಸುಗೂಸಿನ ರಕ್ತ

ಬಸಿರಿಗೆ 20 ವಾರ ತುಂಬಿದ ಮೇಲೆ ಹೊಸದಾಗಿ ರಕ್ತದೊತ್ತಡ ಏರಿ 140/90 ಮುಟ್ಟಿದರೆ ಅದು ಗರ್ಭಾವಸ್ಥೆಯ ಬಿಪಿ. ಜತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ, ಇಲ್ಲವೇ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದರೆ ಪ್ರಿ-ಎಕ್ಲಾಂಪ್ಸಿಯ. ಇಂಥ ಹೆರಿಗೆಯಲ್ಲಿ ಎಲ್ಲರ ಗಮನ ತಾಯಿಯ ಜೀವದ ಮೇಲಿರುತ್ತದೆ; ಇರಲೇಬೇಕು. ಆದರೆ ಅದೇ ಬಿಪಿ ಮಗುವಿನ ರಕ್ತವನ್ನೂ ಏರುಪೇರು ಮಾಡಿರಬಹುದು.

ಇದರ ಮೂಲ ಮಾಸಿನಲ್ಲಿದೆ. ಸಹಜ ಬಸಿರಿನಲ್ಲಿ ಗರ್ಭಕೋಶದ ಸುರುಳಿ ರಕ್ತನಾಳಗಳು ಹಿಗ್ಗಿ ಮಾಸಿಗೆ ಧಾರಾಳವಾಗಿ ರಕ್ತ ಹರಿಸುತ್ತವೆ. ಪ್ರಿ-ಎಕ್ಲಾಂಪ್ಸಿಯದಲ್ಲಿ, ಅದರಲ್ಲೂ ಬೇಗ ಶುರುವಾಗುವ ಬಗೆಯಲ್ಲಿ, ಅವು ಕಿರಿದಾಗಿಯೇ ಉಳಿಯುತ್ತವೆ. ಆಮ್ಲಜನಕ ಸಾಲದೆ ಭ್ರೂಣದಲ್ಲಿ ಎರಿಥ್ರೊಪೊಯೆಟಿನ್ ಹಾರ್ಮೋನು ಹೆಚ್ಚುತ್ತದೆ, ಕೆಂಪುಕಣಗಳ ತಯಾರಿ ಜೋರಾಗುತ್ತದೆ. ಇನ್ನೂ ಕೋಶಕೇಂದ್ರ ಕಳಚದ ಎಳೆಯ ಕಣಗಳೂ ರಕ್ತಕ್ಕೆ ಬಂದುಬಿಡುತ್ತವೆ. ಈ ಭರಾಟೆಯಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿಕಣಗಳಾದ ನ್ಯೂಟ್ರೊಫಿಲ್‌ಗಳೂ ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್‌ಗಳೂ ಹಿಂದೆ ಬೀಳುತ್ತವೆ. ಉಸಿರು ಉಳಿಸಿಕೊಳ್ಳಲು ಮಗು ತೆತ್ತ ಬೆಲೆ ಇದು; ಅದರ ರಕ್ತಕ್ಕೆ ಹುಟ್ಟುರೋಗವೇನೂ ಇಲ್ಲ ಎಂಬುದನ್ನು ಹೆತ್ತವರಿಗೆ ಬಿಡಿಸಿ ಹೇಳಬೇಕು.

1989ರಲ್ಲಿ ಕೋನಿಗ್ ಮತ್ತು ಕ್ರಿಸ್ಟೆನ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ, ಬಿಪಿ ಇದ್ದ ತಾಯಂದಿರ ಶಿಶುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ನ್ಯೂಟ್ರೊಫಿಲ್ ಕಡಿಮೆಯಿತ್ತು. ಹೆಚ್ಚಿನ ಮಕ್ಕಳಲ್ಲಿ ಇದು ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಪ್ಲೇಟ್‌ಲೆಟ್ ಎಣಿಕೆ 1.5 ಲಕ್ಷಕ್ಕಿಂತ ಇಳಿದು, ಎರಡರಿಂದ ನಾಲ್ಕನೇ ದಿನಕ್ಕೆ ತಳ ಮುಟ್ಟಿ, ಸಾಮಾನ್ಯವಾಗಿ ಹತ್ತು ದಿನದೊಳಗೆ ಮೇಲೇಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಮಾತ್ರ ಸೋಂಕು, ಮೆದುಳಿನ ರಕ್ತಸ್ರಾವದ ಭಯ ಇದ್ದೇ ಇರುತ್ತದೆ.

ಕೆಂಪುಕಣ ಅತಿಯಾದಾಗ ರಕ್ತವೇ ಮಂದವಾಗುತ್ತದೆ. ಮಗು ಕಡುಕೆಂಪಾಗಿ ಕಾಣುತ್ತದೆ, ಮೊಲೆಗೆ ಹಿಡಿದರೂ ಚೀಪದೆ ತೂಕಡಿಸುತ್ತದೆ. ಸಕ್ಕರೆ ಅಂಶ ಇಳಿಯಬಹುದು, ಕಾಮಾಲೆ ಏರಬಹುದು. ಹಿಮ್ಮಡಿ ಚುಚ್ಚಿ ತೆಗೆದ ಹನಿ ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿನ ಕೆಂಪುಕಣಗಳ ಪಾಲನ್ನು, ಇರುವುದಕ್ಕಿಂತ ಹೆಚ್ಚು ತೋರಿಸುವುದರಿಂದ ರಕ್ತನಾಳದಿಂದಲೇ ತೆಗೆದು ನೋಡಬೇಕು. ಅಲ್ಲೂ ಶೇ 65 ದಾಟಿ, ಮಗುವಿನಲ್ಲಿ ತೊಂದರೆಯ ಲಕ್ಷಣಗಳಿದ್ದರೆ, ಸ್ವಲ್ಪ ರಕ್ತ ಹೊರತೆಗೆದು ಅಷ್ಟೇ ಸಲೈನ್ ತುಂಬುವುದುಂಟು. ಒಂದೂವರೆ ಕಿಲೋ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 120 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು. ಪರೀಕ್ಷೆಗೆಂದು ತೆಗೆಯುವ ಒಂದೊಂದು ಮಿಲಿಲೀಟರಿಗೂ ಲೆಕ್ಕವಿಡಬೇಕು.

ಪ್ರಿ-ಎಕ್ಲಾಂಪ್ಸಿಯ ತಡೆಯಲು, ಅದರ ಅಪಾಯ ಹೆಚ್ಚಿರುವ ಬಸುರಿಯರಿಗೆ 12ನೇ ವಾರದಿಂದ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದರ ಮಾತ್ರೆಯೂ ನೆರವಾಗುತ್ತದೆ. ಕರ್ನಾಟಕದಲ್ಲಿ ತಪಾಸಣೆಗೆ ಹೋದಾಗಲೆಲ್ಲ ತಾಯಿ ಕಾರ್ಡಿನಲ್ಲಿ ಬಿಪಿ ಬರೆದಿಡುತ್ತಾರೆ. ಹೆರಿಗೆ ಒಂದು ಕಡೆ ಆಗಿ ಕೂಸನ್ನು ಇನ್ನೊಂದು ಕಡೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುಗೆ ಸಾಗಿಸುವಾಗ ಆ ಕಾರ್ಡು ಜತೆಗೇ ಹೋಗಬೇಕು. ಬಿಳಿಕಣ ಇಳಿದ ವರದಿ ಕೈಗೆ ಬಂದಾಗ ಅದು ಸೋಂಕಿನದೋ ತಾಯಿಯ ಬಿಪಿಯದೋ ಎಂದು ತೂಗಿ ನೋಡಲು ಅಲ್ಲಿನ ವೈದ್ಯರಿಗೆ ಆ ಅಂಕಿಗಳು ಬೇಕಾಗುತ್ತವೆ.