ಮರಕ್ಕೆ ನಂಬರು, ರೋಗಕ್ಕೆ ಕಾವಲು



ತೆಂಗಿನ ಮರಗಳಿಗೆ ನಂಬರು ಹಾಕುವುದು ಕಾಯಿಯ ಲೆಕ್ಕಕ್ಕೆ ಮಾತ್ರವೆಂದು ತಿಳಿಯಬೇಡಿ. ತೋಟಕ್ಕೆ ಅಣಬೆ ರೋಗ ಬಂದಾಗ ಆ ನಂಬರುಗಳೇ ನಿಮ್ಮ ನೆರವಿಗೆ ಬರುತ್ತವೆ.

ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿದ್ದು, ಬೇರುಗಳ ಮೂಲಕ ಮರದಿಂದ ಮರಕ್ಕೆ ಹರಡುತ್ತದೆ. ಆದ್ದರಿಂದ ಒಂದು ಮರಕ್ಕೆ ರೋಗ ತಗಲಿದರೆ ಅದರ ನೆರೆಯ ಮರಗಳನ್ನು ತಪ್ಪದೆ ಪರೀಕ್ಷಿಸತಕ್ಕದ್ದು. ಆ ಮರಗಳು ಯಾವುವೆಂದು ಮನೆಯಲ್ಲಿ ಕುಳಿತೇ ಹೇಳಬಹುದು.

ನಿಮ್ಮ ತೋಟದಲ್ಲಿ ಸಾಲಿಗೆ 10ರಂತೆ 10 ಸಾಲು ಮರಗಳಿವೆ ಎನ್ನಿ. ಮೊದಲ ಸಾಲು 1ರಿಂದ 10, ಎರಡನೆಯದು 11ರಿಂದ 20. ಹೀಗೆ ಪ್ರತಿ ಸಾಲನ್ನೂ ಒಂದೇ ಕಡೆಯಿಂದ ಎಣಿಸಿ ನಂಬರು ಹಾಕಿದೆ. 47ನೆಯ ಮರಕ್ಕೆ ರೋಗ ಬಂತು. ಅದರ ಎಡಕ್ಕೆ 46, ಬಲಕ್ಕೆ 48. ಹತ್ತು ಕಳೆದರೆ ಹಿಂದಿನ ಸಾಲಿನ 37, ಹತ್ತು ಕೂಡಿದರೆ ಮುಂದಿನ ಸಾಲಿನ 57.

ಈಗ ಈ ಐದು ನಂಬರುಗಳನ್ನು ಕೂಡಿ ನೋಡಿ. ಮೊತ್ತ 235, ಅಂದರೆ ಸರಿಯಾಗಿ 47ರ ಐದರಷ್ಟು. ಮೂಲೆಯ 36, 38, 56, 58 ಸೇರಿಸಿದರೆ ಒಂಬತ್ತು ಮರಗಳು. ಮೊತ್ತ 423, ಅಂದರೆ 47ರ ಒಂಬತ್ತರಷ್ಟು. ಇದರಲ್ಲಿ ಮಾಯವೇನೂ ಇಲ್ಲ. ಎಡದ ಮರ ಒಂದು ಕಡಿಮೆ, ಬಲದ್ದು ಒಂದು ಹೆಚ್ಚು. ಹಿಂದಿನದು ಹತ್ತು ಕಡಿಮೆ, ಮುಂದಿನದು ಹತ್ತು ಹೆಚ್ಚು. ಒಂದರ ಕೊರತೆಯನ್ನು ಎದುರಿನದು ತುಂಬುತ್ತದೆ.

ಇದರಿಂದ ಪ್ರಯೋಜನವೇನು? ಪರೀಕ್ಷಿಸಬೇಕಾದ ಮರಗಳ ಪಟ್ಟಿಯನ್ನು ಬರೆದು ಆಳಿನ ಕೈಗೆ ಕೊಡುವ ಮೊದಲು ಕೂಡಿ ನೋಡಿ. ಒಂದು ನಂಬರು ತಪ್ಪಿದ್ದರೂ ಮೊತ್ತ ತಾಳೆಯಾಗದು. ತಪ್ಪು ಅಲ್ಲೇ ಸಿಕ್ಕುತ್ತದೆ. ನೋಡಬೇಕಾದ ಮರ ಬಿಟ್ಟುಹೋಗುವುದಿಲ್ಲ.

ಎರಡು ಎಚ್ಚರಿಕೆಗಳು: ಸಾಲಿಗೆ 12 ಮರಗಳಿದ್ದರೆ ಹತ್ತರ ಬದಲು ಹನ್ನೆರಡನ್ನು ಕೂಡಿ ಕಳೆಯಬೇಕು, ಆಗ 47ರ ಹಿಂದೆ 35, ಮುಂದೆ 59. ಇನ್ನು, ಸಾಲಿನ ಕೊನೆಯ ಮರಕ್ಕೆ ಒಂದು ಪಕ್ಕ ನೆರೆಯಿಲ್ಲ. ಹತ್ತರ ಸಾಲಿನಲ್ಲಿ 40ರ ನಂತರ 41 ಬಂದರೂ ಆ ಮರ ತೋಟದ ಇನ್ನೊಂದು ಬದಿಯಲ್ಲಿದೆ. ಅಂಚಿನ ಮರಗಳಿಗೆ ಐದರಷ್ಟು, ಒಂಬತ್ತರಷ್ಟು ಎಂಬ ಲೆಕ್ಕ ಹೊಂದುವುದಿಲ್ಲ.

ಬುಡದಲ್ಲಿ ಕಂದು ರಸ ಸೋರುವ ಮರ ಕಂಡರೆ ಅದರ ನಂಬರು ಬರೆದುಕೊಂಡು ತಾಲ್ಲೂಕಿನ ತೋಟಗಾರಿಕೆ ಕಛೇರಿಗೆ ತಿಳಿಸಿ. ಆ ಮರಕ್ಕೆ ಹಾಯಿಸಿದ ನೀರು ಬೇರೆ ಮರಗಳಿಗೆ ಹರಿಯದಂತೆ ನೋಡಿಕೊಳ್ಳಿ. ಇನ್ನೂ ನಂಬರು ಹಾಕದವರು ಈ ವಾರವೇ ಒಂದು ಡಬ್ಬಿ ಬಣ್ಣ ತಂದು ಕೆಲಸ ಆರಂಭಿಸಿರಿ.